ಗಿರಣಿಯ ಸದ್ದು, ಕ್ಯಾಸೆಟ್ಟಿನ ಸಂಗೀತ

(ಉಪನ್ಯಾಸದ ಬರಹರೂಪ)

ರೋಣ ಎಂದೊಡನೆ ಸಂಗೀತ ಬಲ್ಲವರಿಗೆ ನೆನಪಾಗುವುದು ಪಂಡಿತ ಭೀಮಸೇನ ಜೋಶಿಯವರ ಹೆಸರು. 1922ರ ಫೆಬ್ರುವರಿ 4ರಂದು ಅವರು ಹುಟ್ಟಿದ್ದು ಇದೇ ಊರಿನಲ್ಲಿ. ಆಗ ರೋಣ ಧಾರವಾಡ ಜಿಲ್ಲೆಗೆ ಸೇರಿತ್ತು; 1997ರಿಂದ ಗದಗ ಜಿಲ್ಲೆಯಲ್ಲಿದೆ. ಬಾಲಕ ಭೀಮಸೇನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ಪ್ಲೇಟನ್ನು ಕೇಳಿ, ಹಾಡಿದರೆ ಹೀಗೆ ಹಾಡಬೇಕು ಎಂದು ಮನಸ್ಸು ಮಾಡಿದ ಕಥೆಯನ್ನು ಈ ಭಾಗದಲ್ಲಿ ಕೇಳದವರು ವಿರಳ. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸಿ ಅವರು ಮನೆ ಬಿಟ್ಟರು.

ಖಾನ್ ಸಾಹೇಬರ ದನಿಯ ಮಾಯೆಯನ್ನು ತಿಳಿಸಲು ಈ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಅದರಲ್ಲಿ ಇನ್ನೊಂದು ಪಾತ್ರವೂ ಇದೆ. ಅದು ಯಂತ್ರ. ಗವಾಯಿಗಳು ಎದುರಿಗಿಲ್ಲ, ಅವರ ದನಿ ಮಾತ್ರ ಅಂಗಡಿಯ ಪೆಟ್ಟಿಗೆಯೊಳಗಿಂದ ಬರುತ್ತಿದೆ. ಇಲ್ಲಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಆ ಯಂತ್ರ ಯಾರ ಕೈಯಲ್ಲಿತ್ತು, ಯಾರ ದನಿಯನ್ನು ಹಿಡಿಯಬೇಕೆಂದು ತೀರ್ಮಾನಿಸುತ್ತಿದ್ದವರು ಯಾರು ಎಂಬುದು ಒಂದು. ಹಾಡನ್ನು ಹೊತ್ತು ತರುವ ಯಂತ್ರದ ಸದ್ದೇ ಹಾಡಾಗಬಲ್ಲದೇ ಎಂಬುದು ಇನ್ನೊಂದು. ಈ ಎರಡೂ ಪ್ರಶ್ನೆಗಳು ಅಂಗೈಯಗಲದ ಒಂದೇ ವಸ್ತುವಿನಲ್ಲಿ ಕೂಡಿಕೊಂಡ ಕಾಲವೊಂದಿತ್ತು. ಆ ವಸ್ತು ಕ್ಯಾಸೆಟ್. ಅದರಲ್ಲಿ ಅಡಗಿದ್ದದ್ದು ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ ಹುಟ್ಟಿದ ‘ಇಂಡಸ್ಟ್ರಿಯಲ್ ಮ್ಯೂಸಿಕ್’, ಅಂದರೆ ಕೈಗಾರಿಕಾ ಸಂಗೀತ. ದೂರದ ಊರಿನ ಈ ವಿಚಾರಕ್ಕೂ ನಮ್ಮ ಮನೆಗಳ ಟ್ರಂಕುಗಳಲ್ಲಿ ಬಿದ್ದಿರುವ ಹಳೆಯ ಕ್ಯಾಸೆಟ್ಟುಗಳಿಗೂ ಹತ್ತಿರದ ನಂಟಿದೆ.

ಕಂಪನಿಯ ಬಾಗಿಲು

ಭಾರತದಲ್ಲಿ ಗ್ರಾಮಫೋನಿನ ದೊಡ್ಡ ಹೆಜ್ಜೆ 1902ರಲ್ಲಿ ಬಿತ್ತು. ಆ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಇದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅಂದಿನ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಆ ಮೂರು ನಿಮಿಷಕ್ಕೆ ಅಡಕಬೇಕಾಗಿತ್ತು.

ಪ್ಲೇಟು ಮಾಡಲು ಮೇಣದ ಅಚ್ಚು, ಲೋಹದ ಪಡಿಯಚ್ಚು, ಒತ್ತುವ ಯಂತ್ರ, ಇಷ್ಟೆಲ್ಲ ಬೇಕು. ಒಂದು ಹಾಡಿನ ಸಾವಿರಾರು ಪ್ರತಿ ಮಾರಾಟವಾಗುತ್ತದೆಂದು ಭರವಸೆ ಬಂದರೆ ಮಾತ್ರ ಕಂಪನಿ ಆ ಖರ್ಚಿಗೆ ಇಳಿಯುತ್ತಿತ್ತು. ಹೀಗಾಗಿ ಯಾರ ದನಿ ಉಳಿಯಬೇಕೆಂಬುದನ್ನು ನಿರ್ಧರಿಸುವ ಹಕ್ಕು ಕೆಲವೇ ಕಚೇರಿಗಳದಾಗಿತ್ತು. ನಮ್ಮ ದೇಶದಲ್ಲಿ ದಶಕಗಳ ಕಾಲ ಆ ಹಕ್ಕಿನ ಬಹುಪಾಲು ಎಚ್.ಎಂ.ವಿ. ಎಂಬ ಒಂದೇ ಗುರುತಿನ ಕಂಪನಿಯ ಕೈಯಲ್ಲಿತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಈ ಭಾಗದ ಕಲಾವಿದರಿಗೆ ಇನ್ನೊಂದು ಬಾಗಿಲು ತೆರೆಯಿತು, ನಿಜ. ಆದರೆ ಅಲ್ಲಿಯೂ ಆಯ್ಕೆಯ ಪರೀಕ್ಷೆ ದಾಟಬೇಕಿತ್ತು. ಹಂತಿ ಹೊಡೆಯುವ ರೈತ, ಬೀಸುಕಲ್ಲಿನ ಮುಂದೆ ಕೂತ ಹೆಂಗಸು ತನ್ನ ಹಾಡನ್ನು ತಾನೇ ಮುದ್ರಿಸಿಕೊಳ್ಳುವ ಮಾತಂತೂ ದೂರವೇ ಉಳಿಯಿತು.

ಬಾಗಿಲು ತೆರೆದ ಪಟ್ಟಿ

ಈ ಸ್ಥಿತಿಯನ್ನು ಬದಲಿಸಿದ್ದು ಪ್ಲಾಸ್ಟಿಕ್ಕಿನ ಒಂದು ಪಟ್ಟಿ. ಫಿಲಿಪ್ಸ್ ಕಂಪನಿಯ ಡಚ್ ಎಂಜಿನಿಯರ್ ಲೂ ಒಟೆನ್ಸ್ ಮತ್ತು ಅವರ ಸಂಗಡಿಗರು ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ ರೂಪಿಸಿದ ಕ್ಯಾಸೆಟ್ 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಅದರೊಳಗಿನ ಟೇಪು ನಾಲ್ಕು ಮಿಲಿಮೀಟರಿಗಿಂತ ತುಸು ಕಡಿಮೆ ಅಗಲ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಅದು ಓಡುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿನ ಹೊಟ್ಟೆಯಲ್ಲಿ ಸುಮಾರು 86 ಮೀಟರ್ ಟೇಪು ಸುತ್ತಿಕೊಂಡಿರುತ್ತದೆ.

ಅದು ಕೆಲಸ ಮಾಡುವ ಬಗೆ ಸರಳ. ಟೇಪಿಗೆ ಕಬ್ಬಿಣದ ಆಕ್ಸೈಡಿನ, ಅಂದರೆ ತುಕ್ಕಿನ ಜಾತಿಯದೇ ಆದ ನಯವಾದ ಪುಡಿಯ ಲೇಪ ಇರುತ್ತದೆ. ಮೈಕು ದನಿಯನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾಡುತ್ತದೆ. ಆ ವಿದ್ಯುತ್ತು ‘ಹೆಡ್’ ಎನ್ನುವ ಪುಟ್ಟ ವಿದ್ಯುತ್ಕಾಂತಕ್ಕೆ ಹೋಗುತ್ತದೆ. ಅದರ ಮುಂದೆ ಹಾದುಹೋಗುವ ಪುಡಿಯ ಕಣಗಳು ದನಿಗೆ ತಕ್ಕಂತೆ ಕಾಂತಗಳಾಗಿ ಸಾಲುಗಟ್ಟುತ್ತವೆ. ಅದೇ ಟೇಪು ಮತ್ತೆ ಹೆಡ್ಡಿನ ಮುಂದೆ ಓಡಿದಾಗ ಈ ಕ್ರಿಯೆ ಹಿಂದುಮುಂದಾಗಿ ನಡೆದು ದನಿ ಮರಳಿ ಬರುತ್ತದೆ. ಬೇಡವಾದದ್ದನ್ನು ಅಳಿಸಿ ಅದರ ಮೇಲೆಯೇ ಇನ್ನೊಂದನ್ನು ತುಂಬಬಹುದು.

ಪ್ಲೇಟಿಗೂ ಕ್ಯಾಸೆಟ್ಟಿಗೂ ಇದ್ದ ದೊಡ್ಡ ವ್ಯತ್ಯಾಸ ಗಾತ್ರದ್ದಲ್ಲ. ಪ್ಲೇಟನ್ನು ಕೇಳಬಹುದಿತ್ತು, ಅಷ್ಟೆ. ಕ್ಯಾಸೆಟ್ ಕೇಳಿಸುವ ಯಂತ್ರದಲ್ಲೇ ಮುದ್ರಿಸುವ ಕೆಂಪು ಗುಂಡಿಯೂ ಇರುತ್ತಿತ್ತು. ಕೇಳುಗನೇ ಮುದ್ರಕನಾದ. ಎರಡು ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಿದರೆ ಪ್ರತಿ ತೆಗೆಯುವ ಕಾರ್ಖಾನೆಯೂ ಮನೆಯಲ್ಲೇ ಸಿದ್ಧ. ಸಾವಿರ ಪ್ರತಿಯ ಲೆಕ್ಕ ಹಾಕಬೇಕಾಗಿಲ್ಲ. ಹತ್ತು ಮಂದಿ ಕೇಳುವವರಿದ್ದರೆ ಹತ್ತೇ ಪ್ರತಿ ಸಾಕು. 1979ರಲ್ಲಿ ಟ್ಯಾಸ್ಕ್ಯಾಮ್ ಕಂಪನಿ ‘ಪೋರ್ಟಾಸ್ಟುಡಿಯೊ’ ಎಂಬ ಯಂತ್ರ ಹೊರತಂದಿತು. ಅದರಲ್ಲಿ ಸಾಮಾನ್ಯ ಕ್ಯಾಸೆಟ್ಟಿನ ಮೇಲೆಯೇ ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ತುಂಬಿ ಆಮೇಲೆ ಬೆರೆಸಬಹುದಿತ್ತು. ಸ್ಟುಡಿಯೊ ಎಂಬುದು ಮೇಜಿನ ಮೇಲಿಡುವ ವಸ್ತುವಾಯಿತು.

ಸದ್ದು ಸಂಗೀತವಾದದ್ದು

ಇನ್ನು ಎರಡನೆಯ ಪ್ರಶ್ನೆ, ಯಂತ್ರದ ಸದ್ದು ಸಂಗೀತವಾಗಬಲ್ಲದೇ ಎಂಬುದು. ಇದನ್ನು ಮೊದಲು ಜೋರಾಗಿ ಕೇಳಿದವರಲ್ಲಿ ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ ಒಬ್ಬರು. ವಾದ್ಯಗಳ ಸ್ವರಗಳು ಕೆಲವೇ, ನಗರದ ಸದ್ದುಗಳು ಅಸಂಖ್ಯ, ಆದ್ದರಿಂದ ಅವನ್ನು ಸಂಗೀತಕ್ಕೆ ತರಬೇಕು ಎಂದು ಅವರು 1913ರಲ್ಲಿ ವಾದಿಸಿದರು. ಗುಡುಗುವ, ಕಿರುಗುಟ್ಟುವ ಪೆಟ್ಟಿಗೆವಾದ್ಯಗಳನ್ನೂ ಕಟ್ಟಿದರು. 1948ರಲ್ಲಿ ಪ್ಯಾರಿಸ್ಸಿನ ಆಕಾಶವಾಣಿಯಲ್ಲಿದ್ದ ಪಿಯೆರ್ ಶೆಫೆರ್ ರೈಲುಗಾಡಿಯ ಸದ್ದುಗಳನ್ನು ಮುದ್ರಿಸಿ, ಕತ್ತರಿಸಿ, ಮತ್ತೆಮತ್ತೆ ಜೋಡಿಸಿ ಒಂದು ರಚನೆ ಮಾಡಿದರು. ಇವೆಲ್ಲ ಪ್ರಯೋಗಶಾಲೆಯ ಕೆಲಸಗಳು. ಸಂಸ್ಥೆಯ ಹಣ, ದುಬಾರಿ ಉಪಕರಣ ಇದ್ದವರಿಗೆ ಮಾತ್ರ ಸಾಧ್ಯವಾದವು.

ಆ ಕೆಲಸವನ್ನು ಬಾಡಿಗೆ ಕೋಣೆಗಳಿಗೆ ತಂದವರು 1970ರ ದಶಕದ ಇಂಗ್ಲೆಂಡಿನ ಯುವಕರು. ಲಂಡನ್ನಿನಲ್ಲಿ 1975ರಲ್ಲಿ ಸೇರಿದ ‘ಥ್ರಾಬಿಂಗ್ ಗ್ರಿಸಲ್’ ಎಂಬ ನಾಲ್ವರ ತಂಡ ಮರುವರ್ಷ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಸ್ವಂತ ಪ್ರಕಾಶನ ಆರಂಭಿಸಿತು. ‘ಕೈಗಾರಿಕಾ ಜನರಿಗೆ ಕೈಗಾರಿಕಾ ಸಂಗೀತ’ ಎಂಬುದು ಅವರ ಘೋಷಣೆ. ಸಂಗೀತದ ಹೆಸರು ಬಂದದ್ದು ಇಲ್ಲಿಂದಲೇ. ತಂಡದ ಕ್ರಿಸ್ ಕಾರ್ಟರ್ ಹವ್ಯಾಸಿಗಳ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಬಂದ ಸರ್ಕ್ಯೂಟ್ ನಕ್ಷೆಯನ್ನು ಅನುಸರಿಸಿ ಸದ್ದನ್ನು ತಿರುಚುವ ಪೆಟ್ಟಿಗೆಗಳನ್ನು ತಾವೇ ಬೆಸುಗೆ ಹಾಕಿ ತಯಾರಿಸಿದರು.

ಈ ಸಂಗೀತದ ಇನ್ನೊಂದು ತವರು ಶೆಫೀಲ್ಡ್. ಅದು ಉಕ್ಕಿನ ಊರು. ಬೆಸೆಮರ್ ತನ್ನ ಉಕ್ಕಿನ ಕಾರ್ಖಾನೆ ಸ್ಥಾಪಿಸಿದ್ದು ಅಲ್ಲಿ. 1913ರಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ಕಂಡುಕೊಂಡದ್ದೂ ಅಲ್ಲಿಯೇ. ಅಲ್ಲಿನ ಮಕ್ಕಳು ರಾತ್ರಿಯ ಹೊತ್ತು ದೈತ್ಯ ಸುತ್ತಿಗೆಗಳ ಪೆಟ್ಟನ್ನು ಕೇಳುತ್ತ ನಿದ್ದೆಹೋದವರು. 1973ರಲ್ಲಿ ರಿಚರ್ಡ್ ಎಚ್. ಕರ್ಕ್, ಸ್ಟೀಫನ್ ಮ್ಯಾಲಿಂಡರ್ ಮತ್ತು ಟೆಲಿಫೋನ್ ಎಂಜಿನಿಯರ್ ಆಗಿದ್ದ ಕ್ರಿಸ್ ವಾಟ್ಸನ್ ಕೂಡಿ ‘ಕ್ಯಾಬರೆ ವೋಲ್ಟೇರ್’ ಎಂಬ ತಂಡ ಕಟ್ಟಿದರು. ಟೇಪ್ ರೆಕಾರ್ಡರ್, ತಾಳಯಂತ್ರ, ಸಿಂಥಸೈಜರ್ ಅವರ ವಾದ್ಯಗಳು. ಟೇಪಿನ ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡಿದರೆ ಒಂದೇ ಸದ್ದು ಬೀಸುಕಲ್ಲಿನ ಹಾಗೆ ಸುತ್ತುತ್ತಲೇ ಇರುತ್ತದೆ. ಅದೇ ಅವರ ಶ್ರುತಿ.

1980ರಲ್ಲಿ ಕರ್ಕ್ ಒಬ್ಬರೇ ತಯಾರಿಸಿದ ಮೊದಲ ಆಲ್ಬಂ ‘ಡಿಸ್ಪೋಸಬಲ್ ಹಾಫ್-ಟ್ರೂತ್ಸ್’ ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನಿಂದ ಕ್ಯಾಸೆಟ್ಟಾಗಿ ಹೊರಬಂತು. ‘ಬಳಸಿ ಬಿಸಾಡುವ ಅರೆಸತ್ಯಗಳು’ ಎಂದು ಆ ಹೆಸರಿನ ಅರ್ಥ. ಅದೇ ವರ್ಷ ಅದೇ ಪ್ರಕಾಶನ ಶೆಫೀಲ್ಡಿನದೇ ಇನ್ನೊಂದು ತಂಡ ‘ಕ್ಲಾಕ್ ಡಿವಿಎ’ಯ ಕ್ಯಾಸೆಟ್ಟನ್ನೂ ಹೊರತಂದಿತು. ಇಲ್ಲಿ ಕಾಲವನ್ನು ಗಮನಿಸಬೇಕು. 1980ರ ಜನವರಿಯಿಂದ ಏಪ್ರಿಲ್‌ವರೆಗೆ ಬ್ರಿಟನ್ನಿನ ಉಕ್ಕು ಕಾರ್ಮಿಕರು ಮುಷ್ಕರ ಹೂಡಿದ್ದರು. ಅದರ ಬೆನ್ನಿಗೇ ಕಾರ್ಖಾನೆಗಳು ಒಂದೊಂದಾಗಿ ಮುಚ್ಚತೊಡಗಿದವು. ಊರಿನ ಸುತ್ತಿಗೆಗಳು ಮೌನವಾಗುತ್ತಿದ್ದ ಹೊತ್ತಿನಲ್ಲೇ ಅವುಗಳ ಬಡಿತವನ್ನು ನೆನಪಿಸುವ ಸಂಗೀತ ಕ್ಯಾಸೆಟ್ಟಿಗೆ ಇಳಿಯುತ್ತಿತ್ತು.

ಅದೇ 1980ರ ಜೂನಿನಲ್ಲಿ ಪಶ್ಚಿಮ ಬರ್ಲಿನ್ನಿನ ಇಬ್ಬರು ಯುವಕರು ಹೆದ್ದಾರಿಯ ಸೇತುವೆಯೊಂದರ ಪೊಳ್ಳಿನೊಳಗೆ ಹೊಕ್ಕು, ಅದರ ಲೋಹದ ಗೋಡೆಗಳನ್ನು ಬಡಿದು ಮುದ್ರಿಸಿಕೊಂಡರು. ‘ಷ್ಟಾಲ್‌ಮ್ಯುಸಿಕ್’, ಅಂದರೆ ಉಕ್ಕಿನ ಸಂಗೀತ, ಎಂಬ ಹೆಸರಿನಲ್ಲಿ ಅದೂ ಕ್ಯಾಸೆಟ್ಟಾಯಿತು. ಅವರ ತಂಡದ ಹೆಸರು ‘ಐನ್‌ಷ್ಟುರ್ತ್ಸೆಂಡೆ ನೊಯ್‌ಬಾಟನ್’. ಕುಸಿಯುತ್ತಿರುವ ಹೊಸ ಕಟ್ಟಡಗಳು ಎಂದು ಅದರ ಅರ್ಥ. ಟೋಕಿಯೊದಲ್ಲಿ ಮಸಾಮಿ ಅಕಿಟಾ ‘ಮೆರ್ಟ್ಸ್‌ಬೌ’ ಎಂಬ ಹೆಸರಿನಲ್ಲಿ ಮನೆಯಲ್ಲೇ ಕ್ಯಾಸೆಟ್ ತಯಾರಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಒಂದು ಲಕೋಟೆ, ಒಂದಿಷ್ಟು ಅಂಚೆ ಚೀಟಿ, ಇಷ್ಟೇ ಅವರ ವಿತರಣಾ ವ್ಯವಸ್ಥೆ.

ಈ ಸಂಗೀತವನ್ನು ಮೆಚ್ಚಲೇಬೇಕೆಂದೇನೂ ಇಲ್ಲ. ಅದರಲ್ಲಿ ಕಿವಿಗೆ ಹಿಂಸೆಯಾಗುವುದು ಬಹಳ. ಕೇಳುಗರನ್ನು ಬೆಚ್ಚಿಬೀಳಿಸುವುದೇ ಗುರಿ ಎಂದುಕೊಂಡವರೂ ಇದ್ದರು. ಇಂಡಸ್ಟ್ರಿಯಲ್ ರೆಕಾರ್ಡ್ಸ್ ತನ್ನ ಲಾಂಛನಕ್ಕೆ ನಾಜಿಗಳ ಔಷ್‌ವಿಟ್ಸ್ ಶಿಬಿರದ ಚಿತ್ರವನ್ನು ಬಳಸಿದ್ದು ಸರಿಯೇ ಎಂಬ ಆಕ್ಷೇಪ ಇಂದಿಗೂ ಉಳಿದಿದೆ. ಆದರೂ ಒಂದು ಮಾತು ನಿಲ್ಲುತ್ತದೆ. ಯಾವ ಕಂಪನಿಯೂ ಮುಟ್ಟದ ಸದ್ದನ್ನು, ಯಾರ ಅಪ್ಪಣೆಯನ್ನೂ ಕೇಳದೆ, ತಮ್ಮ ಊರಿನ ಗುರುತಾಗಿ ಅವರು ಉಳಿಸಿದರು.

ಬೀಸುಕಲ್ಲಿನ ಶ್ರುತಿ

ದುಡಿಮೆಯ ಸದ್ದನ್ನು ಹಾಡಿಗೆ ಸೇರಿಸಿಕೊಳ್ಳುವುದು ಕನ್ನಡಿಗರಿಗೆ ಹೊಸದೇನಲ್ಲ. ಬೀಸುವ ಪದಗಳಿಗೆ ಬೀಸುಕಲ್ಲೇ ತಂಬೂರಿ. ಅದರ ಸುತ್ತೇ ತಾಳ. ಕುಟ್ಟುವ ಪದಕ್ಕೆ ಒನಕೆಯ ಪೆಟ್ಟು ಲಯ ಕೊಡುತ್ತದೆ. ಕಣದಲ್ಲಿ ಎತ್ತುಗಳು ತೆನೆ ತುಳಿಯುತ್ತ ಸುತ್ತುವಾಗ ರಾತ್ರಿಯಿಡೀ ನಡೆಯುವ ಹಂತಿ ಪದಕ್ಕೆ ಆ ಸುತ್ತೇ ಆಧಾರ. ಇಂಗ್ಲೆಂಡಿನವರಿಗೂ ನಮ್ಮವರಿಗೂ ಇಲ್ಲಿ ಒಂದು ವ್ಯತ್ಯಾಸ ಇದೆ. ಬೀಸುವವಳು ದಣಿವನ್ನು ಮರೆಯಲು ಹಾಡುತ್ತಾಳೆ. ಕಲ್ಲು ಅವಳ ಕೈಯ ವೇಗಕ್ಕೆ ತಿರುಗುತ್ತದೆ. ಕಾರ್ಖಾನೆಯಲ್ಲಿ ಮನುಷ್ಯನೇ ಯಂತ್ರದ ವೇಗಕ್ಕೆ ತಿರುಗಬೇಕು. ಅಲ್ಲಿ ಹಾಡಿದರೂ ಕೇಳಿಸದು. ಕೈಗಾರಿಕಾ ಸಂಗೀತ ಆ ಕೇಳಿಸದ ಹಾಡಿನ ಜಾಗದಲ್ಲಿ ಹುಟ್ಟಿದ್ದು. ಅದರ ಒರಟುತನದ ಕಾರಣವೂ ಅದೇ.

1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಗ್ರಹವನ್ನು ಹೊರತಂದು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದರು. ಅವರಿಂದಾಗಿ ತ್ರಿಪದಿಗಳ ಮಾತು ಉಳಿಯಿತು. ಆದರೆ ಪುಸ್ತಕ ಹಿಡಿಯಬಲ್ಲದ್ದು ಮಾತನ್ನು ಮಾತ್ರ. ಕಲ್ಲಿನ ಗುರುಗುಟ್ಟು, ಉಸಿರು ಎಳೆಯುವ ಜಾಗ, ಇಬ್ಬರು ಎದುರುಬದುರು ಕೂತು ಬೀಸುವಾಗ ಒಬ್ಬಳ ದನಿ ಇನ್ನೊಬ್ಬಳಿಗೆ ಆಸರೆಯಾಗುವ ಬಗೆ, ಇವು ಅಕ್ಷರಕ್ಕೆ ಸಿಗುವಂಥವಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ಸಿಕ್ಕಿತು, ಅದು ಒಳ್ಳೆಯದೇ. ಆದರೆ ಕಲ್ಲಿನ ಜೊತೆ ಅದರ ಶ್ರುತಿಯೂ ಮೂಲೆ ಸೇರಿತು.

ನಮ್ಮ ಟೇಪುಗಳ ಕಥೆ

ಭಾರತದಲ್ಲಿ ಎಲೆಕ್ಟ್ರಾನಿಕ್ ಸಂಗೀತ ತಡವಾಗಿ ಬಂತೆಂಬ ಭಾವನೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಜರ್ ಇದ್ದ ಸ್ಟುಡಿಯೊ ಆರಂಭವಾಯಿತು. ಅದನ್ನು ಅಣಿಗೊಳಿಸಿದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ರಚನೆಗಳನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಸ್ಟುಡಿಯೊ ಸ್ತಬ್ಧವಾಯಿತು. ಟೇಪುಗಳು ಕಪಾಟು ಸೇರಿದವು. 2017ರಲ್ಲಿ ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಸಂಸ್ಥೆಯ ಸಂಗ್ರಹದಲ್ಲಿ ಅವುಗಳನ್ನು ಕಂಡರು. ಅವುಗಳಿಂದ ಆರಿಸಿದ ರಚನೆಗಳ ಸಂಕಲನ 2023ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನ ಒಂದು ಸಂಗೀತ ಇದ್ದೂ ಇಲ್ಲದಂತಿತ್ತು. ಮುಂಬಯಿಯ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರ್ ಮತ್ತು ತಾಳಯಂತ್ರದ ಮೇಲೆ ನುಡಿಸಿದ ಪ್ಲೇಟಿನ ಪಾಡೂ ಹೀಗೆಯೇ ಆಯಿತು. ಕಂಪನಿಯೇ ಹೊರತಂದರೂ ಅಂದು ಕೊಳ್ಳುವವರಿರಲಿಲ್ಲ. 2010ರಲ್ಲಿ ಮರುಮುದ್ರಣವಾದ ಮೇಲೆ ಜಗತ್ತು ಅದನ್ನು ಬೆರಗಿನಿಂದ ಕೇಳಿತು.

ಕ್ಯಾಸೆಟ್ ನಮ್ಮಲ್ಲಿ ಬೇರೆ ದಾರಿ ಹಿಡಿಯಿತು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ತಂದ ಟೇಪ್ ರೆಕಾರ್ಡರುಗಳು 1970ರ ದಶಕದ ಕೊನೆಗೆ ಹಳ್ಳಿಗಳನ್ನೂ ಮುಟ್ಟಿದವು. ಅಮೆರಿಕದ ವಿದ್ವಾಂಸ ಪೀಟರ್ ಮ್ಯಾನುಯೆಲ್ 1993ರಲ್ಲಿ ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯ ಮೇಲೆ ಒಂದು ಗ್ರಂಥ ಬರೆದರು. 1980ರ ದಶಕದ ನಡುಭಾಗಕ್ಕೆ ದೇಶದ ಮುದ್ರಿತ ಸಂಗೀತದ ಮಾರುಕಟ್ಟೆಯಲ್ಲಿ ನೂರಕ್ಕೆ 95ರಷ್ಟನ್ನು ಕ್ಯಾಸೆಟ್ ಆಕ್ರಮಿಸಿತ್ತೆಂದು ಅವರು ಲೆಕ್ಕ ಕೊಡುತ್ತಾರೆ. ಕನ್ನಡದಲ್ಲಿ 1978ರಲ್ಲಿ ಬಂದ ‘ನಿತ್ಯೋತ್ಸವ’ ಸುಗಮ ಸಂಗೀತದ ಕ್ಯಾಸೆಟ್ ಯುಗಕ್ಕೆ ನಾಂದಿ ಹಾಡಿತು. ಕವಿತೆ ನಿಸಾರ್ ಅಹಮದ್ ಅವರದು, ಸಂಗೀತ ಮೈಸೂರು ಅನಂತಸ್ವಾಮಿಯವರದು. ಆಮೇಲೆ ಭಜನೆ, ಪುರಾಣ, ಪ್ರವಚನ, ತತ್ವಪದ, ಗೀಗೀ ಪದ, ನಾಟಕದ ಹಾಡು ಎಲ್ಲವೂ ಸಂತೆ ಜಾತ್ರೆಗಳ ಅಂಗಡಿಗಳಿಗೆ ಬಂದವು. ಕದ್ದು ಪ್ರತಿ ಮಾಡುವ ದಂಧೆಯೂ ಅದರ ನೆರಳಾಗಿಯೇ ಬೆಳೆದು, ಹಾಡಿದವರಿಗೆ ಸಲ್ಲಬೇಕಾದದ್ದು ಎಷ್ಟೋ ಸಲ ಸಲ್ಲಲಿಲ್ಲ.

ಅಂಗಡಿಯ ಕ್ಯಾಸೆಟ್ಟುಗಳಿಗಿಂತ ಬೆಲೆಯುಳ್ಳವು ಬೇರೆ ಇವೆ. ಅವು ಮನೆಯಲ್ಲಿ ತುಂಬಿಸಿದವು. ಅಜ್ಜಿಯ ಸೋಬಾನೆ, ಮಠದ ಪ್ರವಚನ, ಊರ ಹವ್ಯಾಸಿಗಳ ನಾಟಕ, ಭಜನಾ ಮೇಳದ ಶ್ರಾವಣದ ರಾತ್ರಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಊರೂರಿಗೆ ಹಾಡಲು ಹೋದ ಗಾಯಕರ ಎಷ್ಟೋ ಕಛೇರಿಗಳನ್ನು ಹಿಡಿದಿಟ್ಟದ್ದು ಇಂಥ ಯಂತ್ರಗಳೇ. ಶೆಫೀಲ್ಡಿನವರು ಯಂತ್ರದ ಸದ್ದಿಗೆ ಮೈಕು ಹಿಡಿದರು. ನಮ್ಮವರು ಮನುಷ್ಯರ ದನಿಗೆ ಹಿಡಿದರು. ಆದರೆ ಹಿಂದೆ ಎಲ್ಲೋ ಗಿರಣಿಯ ಬೆಲ್ಟಿನ ಕುಟುಕುಟು, ಮಗ್ಗದ ಲಾಳಿಯ ಓಟ, ಹೊಳೆಆಲೂರಿನ ಮೇಲೆ ಹೋಗುವ ಮೀಟರ್ ಗೇಜ್ ಗಾಡಿಯ ಸಿಳ್ಳು ತಾನಾಗಿಯೇ ಆ ಟೇಪಿಗೆ ಸೇರಿರಬಹುದು. ಆ ಮೀಟರ್ ಗೇಜ್ ಇಂದು ಇಲ್ಲ. 1880ರ ದಶಕದಿಂದ ನಡೆದ ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದಾಗ ಅದರ ಯಂತ್ರಗಳ ಸದ್ದೂ ನಿಂತಿತು. ಮುಚ್ಚಿದ ಕಟ್ಟಡದ ಫೋಟೊ ಇರುತ್ತದೆ. ಅದು ಹೇಗೆ ಕೇಳಿಸುತ್ತಿತ್ತೆಂದು ಮುಂದಿನವರಿಗೆ ಹೇಳುವುದು ಯಾವುದು?

ಉಳಿಸುವ ಬಗೆ

ಕ್ಯಾಸೆಟ್ಟಿನ ಆಯುಷ್ಯ ಶಾಶ್ವತವಲ್ಲ. ಕಬ್ಬಿಣದ ಪುಡಿಯನ್ನು ಹಿಡಿದಿಡುವ ಅಂಟು ತೇವಕ್ಕೆ ಸಡಿಲಾಗುತ್ತದೆ. ಬಿಸಿಲಿಗೆ ಟೇಪು ಸೊಟ್ಟಗಾಗುತ್ತದೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಮೆತ್ತೆ ಉದುರುತ್ತದೆ. ನುಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಜಪಾನಿನಲ್ಲಿ ಸೋನಿ ಕಂಪನಿ ಕ್ಯಾಸೆಟ್ ವಾಕ್‌ಮನ್ ತಯಾರಿಕೆಯನ್ನು 2010ರಲ್ಲೇ ನಿಲ್ಲಿಸಿತು. ರಿಪೇರಿ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಕ್ಯಾಸೆಟ್ಟುಗಳನ್ನು ಸ್ಪೀಕರ್, ಮೋಟಾರುಗಳಿಂದ ದೂರ, ತಂಪಾದ ಒಣ ಜಾಗದಲ್ಲಿ ನಿಲ್ಲಿಸಿ ಇಡಬೇಕು. ಮೇಲ್ಭಾಗದ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದರೆ ಕೈತಪ್ಪಿ ಅಳಿಸಿಹೋಗುವ ಭಯವಿಲ್ಲ. ಬೂಷ್ಟು ಕಂಡರೆ ನುಡಿಸಬಾರದು, ಬಲ್ಲವರಿಗೆ ತೋರಿಸಬೇಕು. ಚೆನ್ನಾಗಿದ್ದರೆ ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಟೇಪನ್ನು ಒಮ್ಮೆ ಮುಂದಕ್ಕೂ ಹಿಂದಕ್ಕೂ ಪೂರ್ತಿ ಸುತ್ತಿ, ಮೊದಲನೆಯ ಸಲ ನುಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಪ್ರತಿಗಳು ಎರಡು ಇರಲಿ. ಎರಡು ಬೇರೆ ಮನೆಗಳಲ್ಲಿರಲಿ. ಹಾಡಿದವರು ಯಾರು, ಊರು ಯಾವುದು, ವರ್ಷ ಎಷ್ಟು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಹೆಸರಿಲ್ಲದ ಟೇಪು ವಿಳಾಸವಿಲ್ಲದ ಕಾಗದದಂತೆ. ಹಿನ್ನೆಲೆಯ ಗಲಾಟೆಯನ್ನು ಕಸವೆಂದು ತೆಗೆದುಹಾಕುವ ಆತುರವೂ ಬೇಡ. ಮೂಲವನ್ನು ಇದ್ದ ಹಾಗೆಯೇ ಇಟ್ಟುಕೊಂಡು, ಬೇಕಾದರೆ ಶುದ್ಧಮಾಡಿದ ಇನ್ನೊಂದು ಪ್ರತಿ ತೆಗೆಯಬಹುದು. ಎಚ್.ಎಲ್. ನಾಗೇಗೌಡರು ಜನಪದರ ದನಿಗಳನ್ನು ಮುದ್ರಿಸಿ ಜಾನಪದ ಲೋಕದಂಥ ಸಂಸ್ಥೆ ಕಟ್ಟಿದರು. ಪ್ರತಿ ತಾಲೂಕಿಗೂ ಅಂಥವರೊಬ್ಬರು ಸಿಗುವುದಿಲ್ಲ. ಒಂದು ಶಾಲೆ, ಒಂದು ಗ್ರಂಥಾಲಯ ಮನಸ್ಸು ಮಾಡಿದರೆ ತನ್ನ ಊರಿನ ಮಟ್ಟಿಗೆ ಆ ಕೆಲಸ ಮಾಡಬಲ್ಲದು.

ಕ್ಯಾಬರೆ ವೋಲ್ಟೇರ್ ತಂಡದ ಕ್ರಿಸ್ ವಾಟ್ಸನ್ ಮುಂದೆ ಆ ತಂಡ ಬಿಟ್ಟು ಹಕ್ಕಿ, ಹಿಮ, ಕಾಡುಗಳ ಸದ್ದು ಹಿಡಿಯುವ ಕೆಲಸಕ್ಕೆ ಹೋದರು, ಬಿ.ಬಿ.ಸಿ.ಯ ವನ್ಯಜೀವಿ ಚಿತ್ರಗಳಿಗೆ ದನಿಮುದ್ರಕರಾಗಿ ಹೆಸರಾದರು. ಉಕ್ಕಿನ ಊರಿನಲ್ಲಿ ಟೇಪ್ ರೆಕಾರ್ಡರ್ ಹಿಡಿದು ಕಲಿತದ್ದು ಅವರ ಕೈಬಿಡಲಿಲ್ಲ. ಸಂಗೀತ ಯಾವುದು, ಗದ್ದಲ ಯಾವುದು ಎಂದು ತೀರ್ಮಾನಿಸುವ ಮೊದಲು ಕಿವಿಗೊಟ್ಟು ಕೇಳುವುದು, ಕೇಳಿದ್ದನ್ನು ಕಾಪಾಡುವುದು, ಇಷ್ಟೇ ಆ ಕಲಿಕೆ. ಇಂದು ಎಲ್ಲರ ಜೇಬಿನಲ್ಲೂ ಅಂದಿನ ಟೇಪ್ ರೆಕಾರ್ಡರಿಗಿಂತ ಮೇಲಾದ ಯಂತ್ರವಿದೆ. ಗಜೇಂದ್ರಗಡದ ಕೈಮಗ್ಗ ಇನ್ನೂ ಓಡುತ್ತಿದೆ. ಹಂತಿ ಪದ ಬಲ್ಲ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ಮುಂದೆ ಆ ಕೆಂಪು ಗುಂಡಿಯನ್ನು ಒತ್ತಲು ಈಗ ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿಲ್ಲ.